ಸೆಲ್ಯೂಟ್ ಆಮೇಲೆ, ಮೊದಲು ಒಂದು ಆರ್ಡರ್ ಕೊಡಿ

ಗಾಯಗೊಂಡು ಸೈನ್ಯದಿಂದ ವಾಪಸ್ ಬಂದ ಹುಡುಗನಿಗೆ ಸುತ್ತಮುತ್ತಲಿನವರು ಕೊಡುವ ಸಲಹೆ ಹೆಚ್ಚುಕಮ್ಮಿ ಒಂದೇ. "ಇನ್ನೊಬ್ಬರ ಕೈಕೆಳಗೆ ಯಾಕೆ ದುಡೀತೀಯ, ಸಣ್ಣದಾಗಿ ಏನಾದರೂ ಸ್ವಂತದ್ದು ಶುರು ಮಾಡು." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕೇಳುತ್ತಿರುವವನ ವಯಸ್ಸು 25. ಒಂದು ಕಾಲಿಲ್ಲ, ರಾತ್ರಿ ಸರಿಯಾಗಿ ನಿದ್ದೆ ಬರಲ್ಲ. 18ಕ್ಕೇ ಸಮವಸ್ತ್ರ ಹಾಕಿದ್ದರಿಂದ ಬಾಡಿಗೆ ಕರಾರಾಗಲಿ ಸಾಲದ ಅರ್ಜಿಯಾಗಲಿ ಯಾವತ್ತೂ ಕೈಯಲ್ಲಿ ಹಿಡಿದಿಲ್ಲ. ಅವನಿಗೆ ಈ ಸಲಹೆ ಇನ್ನೊಂದು ಹೊರೆಯ ಹಾಗೆ ಕೇಳಿಸಿದರೆ ಆಶ್ಚರ್ಯ ಇಲ್ಲ.

ನಾನು ಲೆಕ್ಕ ಬರೆಯುವವನು. ಸಣ್ಣ ವ್ಯಾಪಾರಗಳ ಜಮಾ-ಖರ್ಚು, ತೆರಿಗೆ, ಸಾಲದ ಕಾಗದಪತ್ರ, ಇದೇ ನನ್ನ ಹೊಟ್ಟೆಪಾಡು. ಬಿಡುವು ಮಾಡಿಕೊಂಡು ಇಂಥ ಹುಡುಗ ಹುಡುಗಿಯರ ಜೊತೆ ಕೂತು ಅವರ ತಲೆಯಲ್ಲಿರುವ ವ್ಯಾಪಾರವನ್ನು ಕಾಗದದ ಮೇಲೆ ಇಳಿಸುವ ಕೆಲಸವನ್ನೂ ಮಾಡುತ್ತೇನೆ. ಹಾಗಾಗಿ ಇಲ್ಲಿ ಶೌರ್ಯದ ಕಥೆ ಸಿಗಲ್ಲ. ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಗೊತ್ತಿರುವುದು ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿ ಸೋರಿ ಹೋಗುತ್ತೆ ಅನ್ನೋದು.

ಇವರ ಜೊತೆ ಕೂತು ಕೂತು ನನಗೆ ಖಚಿತವಾಗಿರುವುದು ಇಷ್ಟು. ಧೈರ್ಯಕ್ಕೂ ಶಿಸ್ತಿಗೂ ಇವರಿಗೆ ಕೊರತೆ ಇಲ್ಲ, ಆ ವಿಷಯದಲ್ಲಿ ನಾವು ಭಾಷಣ ಮಾಡುವುದು ಬೇಡ. ಇವರಿಗೆ ಬೇಕಾಗಿರುವುದು ಮೈ ಕೈಕೊಟ್ಟ ದಿನವೂ ಮುಳುಗದಂಥ ವ್ಯಾಪಾರ. ಆಮೇಲೆ, ಪೂರ್ತಿ ದುಡ್ಡು ಕೊಟ್ಟು ಕೊಂಡು ಮತ್ತೆ ಬರುವ ಗಿರಾಕಿ. ಸಹಾಯ ಮಾಡಲು ಬರುವವರು ಈ ಎರಡನ್ನೂ ಬಿಟ್ಟು ಬೇರೆ ಎಲ್ಲವನ್ನೂ ಕೊಡುತ್ತಾರೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಸ್ವಂತ ವ್ಯಾಪಾರ ಎಲ್ಲರಿಗೂ ಅಲ್ಲ. ಒಳ್ಳೆ ಸಂಬಳದ, ಆಸ್ಪತ್ರೆಗೆ ಹೋಗಲು ರಜೆ ಕೊಡುವ ಕೆಲಸ ಸಿಕ್ಕಿದರೆ ಕಣ್ಣುಮುಚ್ಚಿ ಸೇರಿಕೋ ಅಂತ ನಾನೇ ಹೇಳುತ್ತೇನೆ. ಆದರೆ ಅಂಥ ಕೆಲಸ ಸಿಗುವುದು ಕಷ್ಟ. ತಿಂಗಳಲ್ಲಿ ಎಷ್ಟೋ ದಿನ ಫಿಸಿಯೋಥೆರಪಿ, ಕೃತಕ ಕಾಲಿನ ಅಳತೆ, ಮಧ್ಯೆ ಒಂದು ಆಪರೇಷನ್ ಅಂತ ಓಡಾಡುವವನನ್ನು ಬೆಳಿಗ್ಗೆಯಿಂದ ಸಂಜೆ ತನಕ ಕುರ್ಚಿಯಲ್ಲಿ ಕೂರಿಸಬೇಕು ಅನ್ನುವ ಕಂಪನಿ ಎಷ್ಟು ದಿನ ಇಟ್ಟುಕೊಳ್ಳುತ್ತೆ ಹೇಳಿ. ತನ್ನ ಸಮಯ ತನ್ನ ಕೈಯಲ್ಲಿರಲಿ ಅನ್ನೋ ಒಂದೇ ಕಾರಣಕ್ಕೆ ಸ್ವಂತ ವ್ಯಾಪಾರಕ್ಕೆ ಬರುವವರೇ ಜಾಸ್ತಿ. ದೊಡ್ಡ ಉದ್ಯಮಿ ಆಗುವ ಕನಸೇನೂ ಅವರಿಗಿಲ್ಲ.

ಇದೇನೂ ಹೊಸ ಸಮಸ್ಯೆ ಅಲ್ಲ. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಲಕ್ಷಾಂತರ ಹುಡುಗರು ಮನೆಗೆ ಮರಳಿದಾಗಲೇ, ಇವರು ಮುಂದೆ ಹೇಗೆ ಬದುಕಬೇಕು ಅನ್ನೋ ಪ್ರಶ್ನೆ ಎಲ್ಲ ಸರ್ಕಾರಗಳಿಗೂ ಎದುರಾಗಿತ್ತು. ಭಾರತದಲ್ಲಿ ಗಾಯಾಳು ಸೈನಿಕರಿಗೆ ಕಸುಬು ಕಲಿಸುವ ಕ್ವೀನ್ ಮೇರೀಸ್ ಸಂಸ್ಥೆ 1917ರಲ್ಲಿ ಶುರುವಾಯಿತು. ಅದು ಈಗಲೂ ಪುಣೆಯ ಖಡ್ಕಿಯಲ್ಲಿ ನಡೆಯುತ್ತಿದೆ. ಅಮೆರಿಕ 1918ರಲ್ಲಿ ಇಂಥವರಿಗೆ ಕಸುಬು ಕಲಿಸಲು ಪ್ರತ್ಯೇಕ ಕಾನೂನು ಮಾಡಿತು. ನನಗೆ ತುಂಬ ಇಷ್ಟವಾಗುವುದು ಲಂಡನ್ನಿನ ಪಾಪಿ ಫ್ಯಾಕ್ಟರಿ, ಅಂದರೆ ಗಸಗಸೆ ಹೂವಿನ ಕಾರ್ಖಾನೆ. 1922ರಲ್ಲಿ ಮೇಜರ್ ಜಾರ್ಜ್ ಹೌಸನ್ ಐದು ಜನ ಗಾಯಾಳು ಮಾಜಿ ಸೈನಿಕರನ್ನು ಕಟ್ಟಿಕೊಂಡು ಅದನ್ನು ಶುರು ಮಾಡಿದರು. ಮಡಿದ ಸೈನಿಕರ ನೆನಪಿಗೆ ಜನ ಎದೆ ಮೇಲೆ ಸಿಕ್ಕಿಸಿಕೊಳ್ಳುವ ಕೆಂಪು ಗಸಗಸೆ ಹೂವು ಇದೆಯಲ್ಲ, ಅದನ್ನು ಅಲ್ಲಿ ತಯಾರಿಸುತ್ತಿದ್ದರು. ಒಂದೇ ಕೈ ಇದ್ದವನೂ ಜೋಡಿಸಬಹುದಾದ ಹಾಗೆ ಆ ಹೂವಿನ ರಚನೆಯೇ ಇತ್ತು. ಇಲ್ಲಿ ಗಮನಿಸಬೇಕಾದ್ದು ಇದನ್ನೇ. ಒಂದು ಕೈಯವನಿಗೆ ಎರಡು ಕೈಯ ಕೆಲಸ ಕೊಟ್ಟು "ನೀನು ವೀರ, ನಿನ್ನಿಂದ ಆಗುತ್ತೆ" ಅನ್ನಲಿಲ್ಲ. ಕೆಲಸವನ್ನೇ ಒಂದು ಕೈಗೆ ತಂದರು.

ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಅಮೆರಿಕದ ಗಿಲ್‌ಬ್ರೆತ್ ದಂಪತಿ, ಫ್ರಾಂಕ್ ಮತ್ತು ಲಿಲಿಯನ್, ಇದನ್ನೇ ಇನ್ನೊಂದು ದಾರಿಯಲ್ಲಿ ಹೇಳುತ್ತಿದ್ದರು. ಕಾರ್ಖಾನೆಯ ಕೆಲಸಗಾರರ ಒಂದೊಂದು ಚಲನೆಯನ್ನೂ ಸಿನಿಮಾ ಕ್ಯಾಮೆರಾದಲ್ಲಿ ಹಿಡಿದು, ಯಾವುದು ಬೇಕು ಯಾವುದು ದಂಡ ಅಂತ ಅಳೆಯುತ್ತಿದ್ದ ಜನ ಅವರು. ಯುದ್ಧದಲ್ಲಿ ಅಂಗ ಕಳೆದುಕೊಂಡವರಿಗೂ ಅದೇ ವಿಧಾನ ಹಿಡಿದರು. ಕೆಲಸವನ್ನು ಚೂರು ಚೂರಾಗಿ ಬಿಡಿಸಿ ನೋಡಿ, ಈ ಮನುಷ್ಯನಿಂದ ಆಗದ ಚೂರನ್ನು ಬದಲಾಯಿಸಿ ಅಂದರು. ಈಗಲೂ ಯಾರ ಜೊತೆಗಾದರೂ ಹೊಸದಾಗಿ ಕೂತಾಗ ನಾನು ಮಾಡುವುದು ಇದನ್ನೇ. ಕ್ಯಾಮೆರಾ ಇಲ್ಲ, ಒಂದು ನೋಟ್‌ಬುಕ್ ಇದೆ ಅಷ್ಟೇ.

ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬಂಡವಾಳದ ಲೆಕ್ಕ ಇರುವುದಿಲ್ಲ. ಮೈಯ ಲೆಕ್ಕ ಇರುತ್ತೆ. ಎಷ್ಟು ಹೊತ್ತು ಕೂರಬಹುದು, ಎಷ್ಟು ಹೊತ್ತು ನಿಲ್ಲಬಹುದು, ದಿನದ ಯಾವ ಹೊತ್ತಿನಲ್ಲಿ ತಲೆ ಚುರುಕಾಗಿರುತ್ತೆ, ಮಾತ್ರೆ ತಗೊಂಡ ಮೇಲೆ ಎಷ್ಟು ಹೊತ್ತು ಮಂಕು, ಮುಂದಿನ ವರ್ಷ ಯಾವ ಆಪರೇಷನ್ ಬಾಕಿ ಇದೆ. ಬ್ಯಾಂಕಿನವರು ಕೇಳುವ ಯಾವ ಫಾರಂನಲ್ಲೂ ಇದಕ್ಕೆ ಕಾಲಂ ಇಲ್ಲ. ಆದರೆ ವ್ಯಾಪಾರ ನಿಲ್ಲುವುದೂ ಬೀಳುವುದೂ ಇದರ ಮೇಲೆಯೇ.

ಕಾಲು ಕಳೆದುಕೊಂಡವರನ್ನೇ ತಗೊಳ್ಳಿ. ಕೃತಕ ಕಾಲು ಹಾಕಿಸಿಕೊಂಡ ತಕ್ಷಣ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ ಜನ. ಮೊದಲ ಒಂದು-ಒಂದೂವರೆ ವರ್ಷ ಉಳಿದ ಕಾಲಿನ ಗಾತ್ರ ಬದಲಾಗುತ್ತಲೇ ಇರುತ್ತೆ. ಬಾವು ಇಳಿಯುತ್ತೆ, ಸ್ನಾಯು ಸೊರಗುತ್ತೆ, ಅಳತೆ ತೆಗೆದು ಮಾಡಿದ ಸಾಕೆಟ್, ಅಂದರೆ ಉಳಿದ ಕಾಲು ಕೂರುವ ಬಟ್ಟಲು, ಸಡಿಲವಾಗುತ್ತೆ. ಉಜ್ಜಿ ಉಜ್ಜಿ ಚರ್ಮ ಸುಲಿದರೆ ವಾಸಿಯಾಗುವ ತನಕ ಕಾಲು ಹಾಕುವ ಹಾಗಿಲ್ಲ. ಮಂಡಿಯ ಮೇಲಕ್ಕೆ ಕಾಲು ಹೋಗಿದ್ದರೆ ನಡೆಯಲು ಬೇಕಾಗುವ ಶಕ್ತಿಯೂ ಜಾಸ್ತಿ, ಮಧ್ಯಾಹ್ನದ ಹೊತ್ತಿಗೇ ಸುಸ್ತು. ಇದರ ಮೇಲೆ ಇಲ್ಲದ ಕಾಲಿನ ನೋವು ಬೇರೆ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಸೈಲಾಸ್ ವಿಯರ್ ಮಿಚೆಲ್ 1871ರಲ್ಲೇ ಕತ್ತರಿಸಿದ ಅಂಗ ಇನ್ನೂ ಇದ್ದ ಹಾಗೆ ಅನಿಸುವುದರ ಬಗ್ಗೆ ಬರೆದಿದ್ದರು. ಇವತ್ತಿಗೂ ಅದಕ್ಕೆ ಎಲ್ಲರಿಗೂ ನಾಟುವ ಒಂದು ಮದ್ದಿಲ್ಲ. ಹೇಳದೆ ಕೇಳದೆ ಬರುತ್ತೆ, ಆ ದಿನ ಕೆಲಸ ಆಗಲ್ಲ.

ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿ ಇರುವವರ ಲೆಕ್ಕ ಬೇರೆ. ಕೂತಲ್ಲೇ ಕೂತಿದ್ದರೆ ಒತ್ತಡದ ಹುಣ್ಣಾಗುತ್ತೆ. ಅರ್ಧ ಗಂಟೆಯೊಳಗೆ ಒಂದು ಸಲವಾದರೂ ಮೈ ಎತ್ತಿ, ವಾಲಿ, ಭಾರ ಬದಲಿಸಬೇಕು. ಕೆಲಸದ ಗುಂಗಿನಲ್ಲಿ ಅದನ್ನು ಮರೆತರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೋರಲು ಮಲಗಬೇಕಾಗಬಹುದು. ಪೆಟ್ಟು ಮೇಲ್ಭಾಗದಲ್ಲಿದ್ದರೆ ಮೈ ಬೆವರಿ ತಣ್ಣಗಾಗುವ ವ್ಯವಸ್ಥೆಯೂ ಸರಿಯಾಗಿ ಕೆಲಸ ಮಾಡಲ್ಲ, ತಗಡಿನ ಶೆಡ್ಡಿನಲ್ಲಿ ಅಂಗಡಿ ಹಾಕಿಕೊಟ್ಟರೆ ಬಿಸಿಲುಕಾಲ ಕಳೆಯುವುದೇ ಕಷ್ಟ. ಒಳ್ಳೆ ಮನಸ್ಸಿನಿಂದ ಹಾಗೆ ಹಾಕಿಕೊಟ್ಟವರನ್ನು ನೋಡಿದ್ದೇನೆ. ಉದ್ಘಾಟನೆಯ ಫೋಟೋ ಚೆನ್ನಾಗಿ ಬಂದಿತ್ತು.

ಕಣ್ಣಿಗೆ ಕಾಣದ ಗಾಯಗಳದ್ದು ಇನ್ನೂ ಪೇಚು. ಬಾಂಬ್ ಸಿಡಿದ ರಭಸಕ್ಕೆ ಮಿದುಳಿಗೆ ಪೆಟ್ಟಾದವರು ಹೊರಗಿನಿಂದ ನೋಡಲು ಗಟ್ಟಿಮುಟ್ಟಾಗಿರುತ್ತಾರೆ. ಇರಾಕ್, ಅಫ್ಘಾನಿಸ್ತಾನ ಯುದ್ಧಗಳಿಂದ ಬಂದವರಲ್ಲಿ ಇದು ತುಂಬ ಕಂಡುಬಂತು. ಈಗ ಹೇಳಿದ್ದು ಇನ್ನೊಂದು ಗಳಿಗೆಗೆ ಮರೆತುಹೋಗುತ್ತೆ, ಬೆಳಕು ಚುಚ್ಚುತ್ತೆ, ಇಬ್ಬರು ಒಟ್ಟಿಗೆ ಮಾತಾಡಿದರೆ ತಲೆ ಕೆಡುತ್ತೆ. ಗುಂಡಿನ ಸದ್ದಿಗೆ ಕಿವಿ ಕಳೆದುಕೊಂಡವರೂ ಕಿವಿಯಲ್ಲಿ ಸದಾ ಗುಂಯ್‌ಗುಡುವ ಸದ್ದಿನ ಜೊತೆ ಬದುಕುವವರೂ ಇನ್ನೂ ಜಾಸ್ತಿ. ಅಮೆರಿಕದಲ್ಲಿ ಮಾಜಿ ಸೈನಿಕರು ಪರಿಹಾರ ಪಡೆಯುವ ತೊಂದರೆಗಳ ಪಟ್ಟಿಯಲ್ಲಿ ಅತಿ ಸಾಮಾನ್ಯವಾದದ್ದೇ ಈ ಗುಂಯ್‌ಗುಡುವಿಕೆ. ಇಂಥವನಿಗೆ ದಿನವಿಡೀ ಫೋನಿನಲ್ಲಿ ಆರ್ಡರ್ ತಗೊಳ್ಳುವ ವ್ಯಾಪಾರ ಹಾಕಿಕೊಟ್ಟರೆ ಹೇಗೆ? ಆರ್ಡರ್ ಏನಿದ್ದರೂ ವಾಟ್ಸಾಪಿನಲ್ಲಿ ಬರೆದು ಕಳಿಸಿ ಅಂತ ಒಂದು ಸಾಲು ಬೋರ್ಡಿನಲ್ಲಿ ಹಾಕಿದರೆ ಸಾಕು. ನೆನಪು ಕೈಕೊಡುವುದಕ್ಕೂ ಅದೇ ಮದ್ದು, ಬರೆದಿದ್ದು ಎಲ್ಲೂ ಹೋಗಲ್ಲ.

ಇದೆಲ್ಲ ಬರೆದುಕೊಂಡ ಮೇಲೆ ನಾನು ಕೇಳುವ ಪ್ರಶ್ನೆ: "ಎರಡು ವಾರ ನೀನು ಹಾಸಿಗೆ ಬಿಟ್ಟು ಏಳಲಿಲ್ಲ ಅಂದುಕೋ. ಈ ವ್ಯಾಪಾರ ಏನಾಗುತ್ತೆ?"

ಇದೊಂದು ಪ್ರಶ್ನೆಗೆ ಅರ್ಧಕ್ಕರ್ಧ ಯೋಜನೆಗಳು ಅಲ್ಲೇ ಬಿದ್ದುಹೋಗುತ್ತವೆ, ಬೀಳಲಿ. ದಿನಾ ಬೆಳಿಗ್ಗೆ ಬಾಗಿಲು ತೆಗೆಯಲೇಬೇಕಾದ, ದೊಡ್ಡ ಬಾಡಿಗೆಯ, ಕೆಟ್ಟುಹೋಗುವ ಸಾಮಾನಿರುವ ಅಂಗಡಿ ಈ ಪ್ರಶ್ನೆಗೆ ನಿಲ್ಲಲ್ಲ. ನಿಲ್ಲುವುದು ಯಾವುದು ಅಂದರೆ, ಒಪ್ಪಿಸುವ ದಿನವನ್ನು ನಾವೇ ಹೇಳಬಹುದಾದ ಕೆಲಸ. ಮರಗೆಲಸ, ಯಂತ್ರಗಳ ರಿಪೇರಿ, ಹೊಲಿಗೆ, ವೆಬ್‌ಸೈಟ್, ನಕ್ಷೆ ಬರೆಯುವುದು, ಬೇರೆಯವರ ಲೆಕ್ಕ ಬರೆಯುವುದು, ಹೀಗೆ. ಇಲ್ಲದಿದ್ದರೆ ಜೊತೆಗೆ ಇನ್ನೊಬ್ಬ ಇರಬೇಕು. ಗೆಳೆಯನೋ ತಮ್ಮನೋ ಪಾಲುದಾರನೋ, ಇವನಿಲ್ಲದ ದಿನ ಬಾಗಿಲು ತೆಗೆದು ನಡೆಸುವಷ್ಟು ಕೆಲಸ ತಿಳಿದವನು. ಆ ಇನ್ನೊಬ್ಬನಿಗೆ ಸಂಬಳ ಎಷ್ಟು, ಪಾಲು ಎಷ್ಟು ಅನ್ನೋದನ್ನು ಮೊದಲ ದಿನವೇ ಕಾಗದದಲ್ಲಿ ಬರೆಸುತ್ತೇನೆ. ಇವರು ಮುಖ ಸಿಂಡರಿಸುತ್ತಾರೆ. "ನಮ್ಮವನೇ ಸರ್, ಅವನ ಹತ್ತಿರ ಎಂಥ ಕಾಗದ?" ನಮ್ಮವನು ಅನ್ನೋ ಕಾರಣಕ್ಕೇ ಬೇಕು ಮಾರಾಯ ಅಂತ ಹೇಳಿ ಬರೆಸುತ್ತೇನೆ.

ಇನ್ನು ದುಡ್ಡಿನ ವಿಷಯ. ಎರಡನೇ ಮಹಾಯುದ್ಧ ಮುಗಿಯುವ ಮೊದಲೇ, 1944ರ ಜೂನ್‌ನಲ್ಲಿ, ಅಮೆರಿಕ ಮನೆಗೆ ಮರಳುವ ಸೈನಿಕರಿಗಾಗಿ ಜಿಐ ಬಿಲ್ ಅನ್ನೋ ಕಾನೂನು ತಂದಿತು. ಕಾಲೇಜು ಓದು, ಮನೆ ಸಾಲ ಇದಕ್ಕೆಲ್ಲ ಅದು ಹೆಸರುವಾಸಿ. ಅದರೊಳಗೆ ವ್ಯಾಪಾರದ ಸಾಲವೂ ಇತ್ತು: ಬ್ಯಾಂಕ್ ಕೊಟ್ಟ ಸಾಲದ ಅರ್ಧಕ್ಕೆ, 2,000 ಡಾಲರ್ ಮೀರದಂತೆ, ಸರ್ಕಾರವೇ ಜಾಮೀನು. ಸಾಲ ಬ್ಯಾಂಕಿನದು, ತೀರಿಸುವವನು ಸೈನಿಕ, ಮುಳುಗಿದರೆ ಬ್ಯಾಂಕಿನ ನಷ್ಟದಲ್ಲಿ ಒಂದು ಪಾಲು ಸರ್ಕಾರದ್ದು. ಆದರೆ ನನ್ನ ಕಣ್ಣಿಗೆ ಬಿದ್ದಿದ್ದು ಅದೇ ಕಾನೂನಿನ ಇನ್ನೊಂದು ಅಂಶ, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ. ಸ್ವಂತ ಕಸುಬು ಮಾಡುವ ಮಾಜಿ ಸೈನಿಕನ ನಿವ್ವಳ ಆದಾಯ ಯಾವುದಾದರೂ ತಿಂಗಳು 100 ಡಾಲರಿಗಿಂತ ಕಮ್ಮಿಯಾದರೆ, ಕಮ್ಮಿ ಬಿದ್ದಷ್ಟನ್ನು ಸರ್ಕಾರ ತುಂಬಿಕೊಡುತ್ತಿತ್ತು. ಒಂದು ಅವಧಿಯ ತನಕ, ಹೌದು. ಆದರೂ ಯೋಚನೆ ಮಾಡಿ, ಸಣ್ಣ ವ್ಯಾಪಾರ ಸಾಯುವುದು ಯಾವಾಗ? ಸಾಲ ಸಿಗದೆ ಸಾಯುವುದಕ್ಕಿಂತ ಜಾಸ್ತಿ, ಸಾಲ ಸಿಕ್ಕಿ ಯಂತ್ರ ಬಂದು ಕೂತ ಮೇಲೆ, ಗಿರಾಕಿ ಇನ್ನೂ ಬಾರದ ಆ ಮೊದಲ ತಿಂಗಳುಗಳಲ್ಲಿ. ಮನೆ ಖರ್ಚಿಗೆ ಅಂತ ಬಂಡವಾಳಕ್ಕೆ ಕೈ ಹಾಕುತ್ತಾರೆ. ಒಂದು ಸಲ ಕೈ ಹಾಕಿದರೆ ಮುಗೀತು. ಯಂತ್ರ ಕೊಡಿಸುವ ದಾನಿಗಳು ಬೇಕಾದಷ್ಟು, ಆರು ತಿಂಗಳ ಮನೆಖರ್ಚು ಕೊಡುವವರು ಸಿಗಲ್ಲ. ಯಂತ್ರದ ಮೇಲೆ ಹೆಸರು ಬರೆಸಬಹುದು, ಮನೆಖರ್ಚಿನ ಮೇಲೆ ಬರೆಸಲು ಆಗಲ್ಲ ಅಲ್ವಾ?

ಆ ಕಾನೂನನ್ನು ಹೊಗಳಿ ಸುಮ್ನೆ ಬಿಟ್ಟರೆ ತಪ್ಪಾಗುತ್ತೆ. ಸಾಲ ಕೊಡುವ ತೀರ್ಮಾನ ಊರೂರಿನ ಬ್ಯಾಂಕುಗಳ ಕೈಯಲ್ಲಿತ್ತು. 1947ರಲ್ಲಿ ಮಿಸಿಸಿಪ್ಪಿ ರಾಜ್ಯದ 13 ಊರುಗಳಲ್ಲಿ ಕೊಟ್ಟ 3,229 ಜಾಮೀನು ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡೇ ಎರಡು. ಎರಡು ಸಾವಿರ ಅಲ್ಲ, ಎರಡು. ಎಷ್ಟು ಒಳ್ಳೆ ಯೋಜನೆ ಆದರೂ ಕೌಂಟರಿನ ಆಚೆ ಕೂತವನು ಯಾರು ಅನ್ನೋದರ ಮೇಲೆ ನಿಂತಿರುತ್ತೆ. ಅದಕ್ಕೇ ಬ್ಯಾಂಕಿಗೆ ಹೋಗುವಾಗ ಸಾಧ್ಯವಾದರೆ ನಾನೂ ಜೊತೆಗೆ ಹೋಗುತ್ತೇನೆ. ಲೆಕ್ಕ ಗೊತ್ತಿರುವ ಒಬ್ಬ ಪಕ್ಕದಲ್ಲಿ ಸುಮ್ಮನೆ ಕೂತಿದ್ದರೂ ಎದುರಿನವರ ಮಾತಿನ ಧಾಟಿ ಬೇರೆ ಆಗುತ್ತೆ.

ಪಿಂಚಣಿಯ ಭಯದ ಬಗ್ಗೆಯೂ ಹೇಳಬೇಕು. "ವ್ಯಾಪಾರ ಶುರು ಮಾಡಿದರೆ ನನ್ನ ಪಿಂಚಣಿ ನಿಂತುಹೋಗುತ್ತಾ?" ಈ ಪ್ರಶ್ನೆ ಎಲ್ಲರ ತಲೆಯಲ್ಲೂ ಇರುತ್ತೆ, ಬಾಯಿಬಿಟ್ಟು ಕೇಳುವವರು ಕಮ್ಮಿ. ಒಂದೊಂದು ದೇಶದಲ್ಲಿ ಒಂದೊಂದು ಉತ್ತರ. ಅಮೆರಿಕದಲ್ಲಿ ಗಾಯಕ್ಕೆ ಸಿಗುವ ಸಾಮಾನ್ಯ ಪರಿಹಾರ ದುಡಿದರೂ ನಿಲ್ಲಲ್ಲ. ಆದರೆ ದುಡಿಯಲು ಆಗುವುದೇ ಇಲ್ಲ ಅನ್ನೋ ಆಧಾರದ ಮೇಲೆ ಪೂರ್ತಿ ದರದಲ್ಲಿ ಪಡೆಯುತ್ತಿದ್ದರೆ, ವ್ಯಾಪಾರದ ಆದಾಯ ಅದಕ್ಕೆ ಅಡ್ಡ ಬರಬಹುದು. ಹಾಗಾಗಿ ನನ್ನದು ಒಂದೇ ಹಟ. ವ್ಯಾಪಾರಕ್ಕೆ ಮೊದಲ ಕಾಸು ಹಾಕುವ ಮುಂಚೆ ಪಿಂಚಣಿ ಕೊಡುವ ಕಚೇರಿಗೆ ಒಂದು ಪತ್ರ ಬರೆದು, ಉತ್ತರವನ್ನೂ ಬರಹದಲ್ಲೇ ತರಿಸಿಕೋ. ಕೌಂಟರಿನಲ್ಲಿ ಯಾರೋ "ಏನೂ ಆಗಲ್ಲ ಹೋಗಪ್ಪ" ಅಂದಿದ್ದು ಲೆಕ್ಕಕ್ಕಿಲ್ಲ.

ಈಗ ನನಗೆ ಅತಿ ಕಷ್ಟ ಅನಿಸುವ ವಿಷಯ. ಬೆಲೆ ಹೇಳುವುದು.

ಸೈನ್ಯದಲ್ಲಿ ಇವರು ಎಷ್ಟೋ ಕಲಿತಿರುತ್ತಾರೆ. ಸಾಮಾನು ಎಣಿಸುವುದು, ಯಂತ್ರ ನೋಡಿಕೊಳ್ಳುವುದು, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಇರುವುದು. ಆದರೆ ಅಲ್ಲಿ ಯಾರಿಗೂ ಏನನ್ನೂ ಮಾರಿಲ್ಲ. ಬೂಟಿನಿಂದ ಹಿಡಿದು ಬಂದೂಕಿನ ತನಕ ಬೆಲೆಯ ಮಾತೇ ಇಲ್ಲದೆ ಕೈಗೆ ಬಂದಿದೆ. ಮರಗೆಲಸ ಮಾಡುವ ಒಬ್ಬ ಹುಡುಗ ನನಗೆ ಒಂದು ಮೇಜಿನ ಲೆಕ್ಕ ತೋರಿಸಿದ. ಮರ, ಪಾಲಿಶ್, ಮೊಳೆ, ಸಾಗಣೆ ಎಲ್ಲ ಇತ್ತು, ಅವನ ಕೂಲಿ ಇರಲಿಲ್ಲ. ಯಾಕಪ್ಪ ಅಂದರೆ, "ನನ್ನ ಸಮಯ ಹೇಗಿದ್ದರೂ ಖಾಲಿನೇ ಅಲ್ವಾ ಸರ್" ಅಂದ. ಪಿಂಚಣಿ ಬರುತ್ತಿದೆ, ಹಾಗಾಗಿ ದುಡಿಮೆ ಪುಕ್ಕಟೆ ಅನ್ನೋ ಲೆಕ್ಕ! ಹೀಗೆ ಮಾರಿದರೆ ಎಷ್ಟು ಜಾಸ್ತಿ ಮಾರಿದರೆ ಅಷ್ಟು ಬೇಗ ಸೋಲುತ್ತಾನೆ. ಪಕ್ಕದ ಬಡಗಿಯ ಹೊಟ್ಟೆಗೂ ಕಲ್ಲು.

ಇದರ ಇನ್ನೊಂದು ಮುಖ ಕಹಿ, ಹೇಳಲೇಬೇಕು. ಒಂದು ಕೈಯಲ್ಲಿ ಮಾಡಿದ ಕೆಲಸಕ್ಕೆ ಹೊತ್ತು ಜಾಸ್ತಿ ಹಿಡಿಯುತ್ತೆ. ಆ ಹೆಚ್ಚಿನ ಹೊತ್ತಿನ ದುಡ್ಡನ್ನು ಗಿರಾಕಿ ಕೊಡಲ್ಲ, ಕೊಡಬೇಕು ಅಂತ ಕೇಳುವುದೂ ಸರಿಯಲ್ಲ. ಹಾಗಾದರೆ ಎರಡೇ ದಾರಿ. ಮರವನ್ನು ಹಿಡಿದಿಡುವ ಜಿಗ್, ಕಾಲಿನಿಂದ ಒತ್ತುವ ಸ್ವಿಚ್, ಎತ್ತರ ಬದಲಿಸಬಹುದಾದ ಮೇಜು, ಇಂಥವುಗಳಿಂದ ಆ ಹೊತ್ತನ್ನು ಇಳಿಸಬೇಕು. ಇಲ್ಲವೇ, ನಿಧಾನ ಮಾಡಿದರೂ ಪರವಾಗಿಲ್ಲ, ನಾಜೂಕು ಬೇಕು ಅನ್ನೋ ಕೆಲಸ ಆರಿಸಬೇಕು. ಆ ಹುಡುಗ ಈಗ ಹಳೇ ಪೀಠೋಪಕರಣಗಳನ್ನು ಸರಿ ಮಾಡಿ ಮೆರುಗು ಕೊಡುತ್ತಾನೆ. ಅದರಲ್ಲಿ ಯಾರೂ ಅವಸರ ಮಾಡಲ್ಲ, ಅವಸರ ಮಾಡಿದರೆ ಕೆಲಸ ಕೆಡುತ್ತೆ ಅಂತ ಗಿರಾಕಿಗೇ ಗೊತ್ತಿರುತ್ತೆ.

ಬಾಕಿ ಕೇಳುವುದಕ್ಕೂ ಇವರಿಗೆ ಸಂಕೋಚ. ಎರಡನೇ ಸಲ ಫೋನ್ ಮಾಡಿದರೆ ಎಲ್ಲಿ ಬೇಡಿದ ಹಾಗಾಗುತ್ತೋ ಅನ್ನೋ ಭಾವನೆ. ಅದಕ್ಕೆ ನಾನು ಮಾಡಿಸುವುದು ಸಣ್ಣ ಉಪಾಯ: ಅರ್ಧ ಮುಂಗಡ, ಉಳಿದರ್ಧ ಒಪ್ಪಿಸುವಾಗ, ಉದ್ದರಿ ಇಲ್ಲ. ಬಿಲ್ಲಿನಲ್ಲೇ ಅಚ್ಚು ಹಾಕಿಸಿಬಿಟ್ಟರೆ ಬಾಯಿಬಿಟ್ಟು ಹೇಳುವ ಕಷ್ಟ ಇರಲ್ಲ, ನಿಯಮ ಅಂತ ಇದ್ದರೆ ಪಾಲಿಸುವುದೂ ಪಾಲಿಸುವಂತೆ ಮಾಡುವುದೂ ಇವರಿಗೆ ಚೆನ್ನಾಗಿ ಬರುತ್ತೆ.

ಗಿರಾಕಿ ಎಲ್ಲಿಂದ ಬರಬೇಕು? ದೊಡ್ಡ ಗಿರಾಕಿ ಅಂದರೆ ಸರ್ಕಾರವೇ. ಅಮೆರಿಕದಲ್ಲಿ 1999ರ ಕಾನೂನು ಕೇಂದ್ರ ಸರ್ಕಾರದ ಗುತ್ತಿಗೆಗಳಲ್ಲಿ ಶೇ. 3ರಷ್ಟು, ಸೇವೆಯಲ್ಲಿ ಗಾಯಗೊಂಡ ಮಾಜಿ ಸೈನಿಕರ ಸಣ್ಣ ಕಂಪನಿಗಳಿಗೆ ಹೋಗಬೇಕು ಅನ್ನೋ ಗುರಿ ಇಟ್ಟಿತು. ಈಚೆಗೆ ಅದನ್ನು ಶೇ. 5ಕ್ಕೆ ಏರಿಸಿದ್ದಾರೆ. ಕಂಪನಿಯ ಕನಿಷ್ಠ ಶೇ. 51 ಪಾಲು ಆ ಸೈನಿಕನದ್ದೇ ಆಗಿರಬೇಕು, ನಡೆಸುವವನೂ ಅವನೇ ಆಗಿರಬೇಕು. ಒಳ್ಳೆ ಯೋಚನೆ, ನನಗೆ ಒಪ್ಪಿಗೆ. ಆದರೆ ಎಲ್ಲಿ ದುಡ್ಡಿರುತ್ತೋ ಅಲ್ಲಿ ಹದ್ದೂ ಇರುತ್ತೆ. 2009ರಲ್ಲಿ ಅಲ್ಲಿನ ಲೆಕ್ಕಪರಿಶೋಧನೆಯ ಸಂಸ್ಥೆ ಜಿಎಒ ಪರೀಕ್ಷಿಸಿದಾಗ, ಅರ್ಹತೆಯೇ ಇಲ್ಲದ ಹತ್ತು ಕಂಪನಿಗಳು ಸುಮಾರು 10 ಕೋಟಿ ಡಾಲರ್ ಗುತ್ತಿಗೆ ಹೊಡೆದುಕೊಂಡಿದ್ದು ಬಯಲಾಯಿತು. ಹೆಸರಿಗೆ ಒಬ್ಬ ಗಾಯಾಳು ಸೈನಿಕನನ್ನು ಮಾಲೀಕ ಅಂತ ತೋರಿಸಿ ಹಿಂದೆ ಇನ್ಯಾರೋ ವ್ಯಾಪಾರ ನಡೆಸುವ ದಾರಿಯೂ ಇದೆ. ಈಗ ಅರ್ಜಿ ಹಾಕಿ ಪ್ರಮಾಣಪತ್ರ ಪಡೆಯಬೇಕು, 2023ರಿಂದ ಅದನ್ನು ಸಣ್ಣ ವ್ಯಾಪಾರಗಳಿಗಾಗಿಯೇ ಇರುವ ಎಸ್‌ಬಿಎ ಅನ್ನೋ ಒಂದೇ ಇಲಾಖೆ ನೋಡಿಕೊಳ್ಳುತ್ತೆ.

ಇದನ್ನು ಯಾಕೆ ಹೇಳಿದೆ ಅಂದರೆ, ಯಾವ ದೇಶದಲ್ಲೇ ಆಗಲಿ ಇಂಥ ಸವಲತ್ತು ಇದ್ದ ಕಡೆ ಈ ಹುಡುಗರನ್ನು ಹುಡುಕಿಕೊಂಡು ಬರುವ ಜನ ಇರುತ್ತಾರೆ. "ನೀನು ಏನೂ ಮಾಡಬೇಡಪ್ಪ, ಸಹಿ ಹಾಕು, ತಿಂಗಳಿಗೆ ಇಷ್ಟು ಅಂತ ಮನೆಗೆ ಬರುತ್ತೆ." ಹೊರಗಡೆ ಕೆಲಸ ಸಿಗದೆ ಬೇಸತ್ತವನಿಗೆ ಇದು ವರದ ಹಾಗೆ ಕಾಣುತ್ತೆ. ನಾಳೆ ತೆರಿಗೆ ಬಾಕಿ, ಸಾಲ ಬಾಕಿ, ಕೇಸು ಎಲ್ಲ ಸಹಿ ಹಾಕಿದವನ ತಲೆ ಮೇಲೆ. ಅಂಥ ಕಾಗದ ಯಾರಾದರೂ ತಂದರೆ ಸಹಿಗೆ ಮುಂಚೆ ಬೇರೆ ಯಾರಿಗಾದರೂ ತೋರಿಸಿ, ದಯವಿಟ್ಟು.

ಸಣ್ಣ ಗಿರಾಕಿ ಅಂದರೆ ನಾವು ನೀವು. ಇಲ್ಲಿ ನನ್ನ ತಕರಾರು ಇರುವುದು ಕನಿಕರದ ಗಿರಾಕಿಯ ಬಗ್ಗೆ. ಅಂಗಡಿ ತೆರೆದ ವಾರ ದಂಡಿಯಾಗಿ ಬರುತ್ತಾರೆ. ಬೇಡದ್ದನ್ನೂ ಕೊಳ್ಳುತ್ತಾರೆ, ಜೊತೆಯಲ್ಲಿ ನಿಂತು ಸೆಲ್ಫಿ ತೆಗೆಯುತ್ತಾರೆ, ಗಾಯ ಹೇಗಾಯಿತು ಅಂತ ಕೇಳುತ್ತಾರೆ, ಹೊಸ ಗಿರಾಕಿ ಬಂದಾಗಲೆಲ್ಲ ಅವನು ಆ ದಿನವನ್ನು ಮತ್ತೆ ಹೇಳಬೇಕು. ಎರಡನೇ ತಿಂಗಳು ಯಾರೂ ಇಲ್ಲ. ಆ ಮೊದಲ ವಾರದ ಮಾರಾಟ ನೋಡಿ ಜಾಸ್ತಿ ಸಾಮಾನು ತಂದು ಇಟ್ಟುಕೊಂಡಿದ್ದರೆ ಅಲ್ಲಿಗೆ ಬಂಡವಾಳ ಕಟ್ಟಿಹಾಕಿದ ಹಾಗೆ. ಅದಕ್ಕೇ ಮೊದಲ ತಿಂಗಳ ಮಾರಾಟವನ್ನು ನಾನು ಲೆಕ್ಕಕ್ಕೇ ಹಿಡಿಯಲ್ಲ. ಮತ್ತೆ ಬಂದವರು ಎಷ್ಟು ಅನ್ನೋದು ಮಾತ್ರ ಎಣಿಸು ಅಂತೀನಿ.

ಬೋರ್ಡಿನಲ್ಲಿ ಮಾಜಿ ಸೈನಿಕ ಅಂತ ಹಾಕಬೇಕಾ ಬೇಡವಾ? ಇದು ಅವರವರ ಇಷ್ಟ. ಒಬ್ಬಳು ಹುಡುಗಿ, ಸಿಡಿತದಲ್ಲಿ ಒಂದು ಕಣ್ಣು ಕಳೆದುಕೊಂಡವಳು, ಬ್ಯಾಗ್ ಮತ್ತು ಡೇರೆ ಹೊಲಿಯುವ ವ್ಯಾಪಾರ ಮಾಡುತ್ತಾಳೆ. ಬೋರ್ಡಿನಲ್ಲಿ ಎಲ್ಲೂ ಸೈನ್ಯದ ಸುಳಿವಿಲ್ಲ. "ಹೊಲಿಗೆ ಬಿಟ್ಟುಕೊಂಡರೆ ಜನ ಬಂದು ಬೈಯಬೇಕು ಅಣ್ಣ, ಪಾಪ ಅಂತ ಸುಮ್ಮನಿದ್ದರೆ ನನ್ನ ಕೆಲಸ ಸುಧಾರಿಸೋದು ಹೇಗೆ?" ಅಂದಳು. ನನಗಿಂತ ಚೆನ್ನಾಗಿ ವ್ಯಾಪಾರ ಗೊತ್ತು ಅವಳಿಗೆ. ನೀವು ಇಂಥವರಿಂದ ಏನಾದರೂ ಕೊಂಡರೆ, ಬೇಕಾದ್ದನ್ನೇ ಕೊಳ್ಳಿ, ಹೇಳಿದ ದಿನ ದುಡ್ಡು ಕೊಡಿ, ಕೆಲಸ ಚೆನ್ನಾಗಿಲ್ಲದಿದ್ದರೆ ಬಾಯಿಬಿಟ್ಟು ಹೇಳಿ.

ತರಬೇತಿ ಶಿಬಿರಗಳ ಬಗ್ಗೆ ಜಾಸ್ತಿ ಹೇಳಲ್ಲ. ಒಳ್ಳೆಯವೂ ಇವೆ. ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ, ಹಿಂದೆ ವಾಯುಪಡೆಯಲ್ಲಿ ಅಧಿಕಾರಿಯಾಗಿದ್ದ ಮೈಕ್ ಹೇನಿ, ಗಾಯಾಳು ಯುವ ಸೈನಿಕರಿಗಾಗಿಯೇ ಒಂದು ವ್ಯಾಪಾರ ಶಿಬಿರ ಶುರು ಮಾಡಿದರು. ಆಮೇಲೆ ಬೇರೆ ವಿಶ್ವವಿದ್ಯಾಲಯಗಳೂ ಸೇರಿಕೊಂಡವು. ಮೊದಲು ಮನೆಯಿಂದಲೇ ಆನ್‌ಲೈನ್ ಪಾಠ, ಆಮೇಲೆ ಕೆಲವು ದಿನ ಕ್ಯಾಂಪಸ್ಸಿನಲ್ಲಿ ಬಿಗಿಯಾದ ತರಗತಿ, ಮುಗಿದ ಮೇಲೂ ತಿಂಗಳುಗಟ್ಟಲೆ ಸಲಹೆ, ಸಹಾಯ. ಆ ಕೊನೆಯ ಭಾಗ ಇದೆಯಲ್ಲ, ಅದನ್ನೇ ಎಷ್ಟೋ ಶಿಬಿರಗಳು ನುಂಗಿಹಾಕುತ್ತವೆ. ಪ್ರಮಾಣಪತ್ರ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಪ್ರಶ್ನೆಗಳು ಏಳುವುದೇ ಆಮೇಲೆ. ಮೊದಲ ತೆರಿಗೆ ನೋಟಿಸ್ ಬಂದಾಗ, ಮೊದಲ ಚೆಕ್ ಬೌನ್ಸ್ ಆದಾಗ, ಸಾಮಾನು ಕೊಡುವವನು ದರ ಏರಿಸಿದಾಗ ಕೇಳಲು ಒಂದು ಫೋನ್ ನಂಬರ್ ಬೇಕು. ನಿಮಗೆ ಲೆಕ್ಕ ಗೊತ್ತಿದ್ದರೆ, ಕಾನೂನು ಗೊತ್ತಿದ್ದರೆ, ಒಂದು ಕಸುಬು ಗೊತ್ತಿದ್ದರೆ, ಒಬ್ಬರಿಗೆ ಒಂದು ವರ್ಷ ಆ ನಂಬರ್ ಆಗಿ. ಹತ್ತು ಜನರಿಗೆ ಒಂದು ದಿನದ ಭಾಷಣ ಕೊಡುವುದು ಬೇಡ.

ಮನೆಯವರನ್ನೂ ಕೂರಿಸಿಕೊಳ್ಳಿ. ಹೆಂಡತಿಯೋ ಅಮ್ಮನೋ ಅದಾಗಲೇ ಬ್ಯಾಂಡೇಜು, ಮಾತ್ರೆ, ಆಸ್ಪತ್ರೆ ಅಂತ ದಿನವಿಡೀ ದುಡಿಯುತ್ತಿರುತ್ತಾರೆ. ವ್ಯಾಪಾರದ ಲೆಕ್ಕವನ್ನೂ ಫೋನನ್ನೂ ಅವರ ತಲೆಗೇ ಕಟ್ಟುವ ಯೋಜನೆಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತೆ. ಅವರು ಕೆಲಸ ಮಾಡುವುದಾದರೆ ಅವರಿಗೂ ಸಂಬಳದ ಕಾಲಂ ಇರಲಿ.

ಕೊನೆಯ ಪುಟದಲ್ಲಿ ನಾನು ಬರೆಸುವುದು ವ್ಯಾಪಾರ ಮುಚ್ಚುವ ಲೆಕ್ಕ. ಶುರು ಮಾಡುವ ಮೊದಲೇ. ಇಷ್ಟು ತಿಂಗಳು ಸತತ ನಷ್ಟವಾದರೆ, ಸಾಲ ಇಷ್ಟರ ಮೇಲೆ ಏರಿದರೆ, ಡಾಕ್ಟರ್ ಇಂಥದ್ದು ಬೇಡ ಅಂದರೆ ನಿಲ್ಲಿಸುತ್ತೇನೆ ಅಂತ ಅವರ ಕೈಯಲ್ಲೇ ಬರೆಸುತ್ತೇನೆ. ಸಣ್ಣ ವ್ಯಾಪಾರಗಳು ಯಾರು ಮಾಡಿದರೂ ಮುಚ್ಚುತ್ತವೆ, ಇದರಲ್ಲಿ ಅವಮಾನ ಇಲ್ಲ. ಆದರೆ ಇವರಿಗೆ ಹಿಂದೆ ಸರಿಯುವುದು ಅಂದರೇ ಆಗಲ್ಲ, ಹಿಡಿದ ಜಾಗ ಬಿಡಬಾರದು ಅಂತಲೇ ಕಲಿತು ಬಂದವರು. ಪಿಂಚಣಿ ದುಡ್ಡು ಸುರಿದು, ಮನೆ ಅಡವಿಟ್ಟು ಅಂಗಡಿ ಉಳಿಸಲು ಹೋಗುತ್ತಾರೆ. ಗಾಲಿಕುರ್ಚಿಯಲ್ಲಿದ್ದ ಒಬ್ಬ ಹುಡುಗ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಹಾಕಿದ್ದ, ನಷ್ಟ ಆ ಗೆರೆ ಮುಟ್ಟಿದ ತಿಂಗಳು ತಾನು ಬರೆದಿದ್ದ ಪುಟ ತೆಗೆದು ನೋಡಿ ಬಾಗಿಲು ಹಾಕಿದ. ಯಂತ್ರಗಳನ್ನು ಮಾರಿ ಸಾಲ ತೀರಿಸಿದ, ಮನೆ ಹಾಗೇ ಉಳಿಯಿತು. ಈಗ ಅದೇ ಕೆಲಸವನ್ನು ಒಂದು ಕಂಪನಿಯಲ್ಲಿ ಸಂಬಳಕ್ಕೆ ಮಾಡುತ್ತಿದ್ದಾನೆ, ವಾರದಲ್ಲಿ ಕೆಲವು ದಿನ ಮನೆಯಿಂದಲೇ. ಮತ್ತೆ ಶುರು ಮಾಡುವ ಯೋಚನೆ ಇದೆಯಂತೆ, ಈ ಸಲ ಬಾಡಿಗೆ ಅಂಗಡಿ ಬೇಡ ಅಂತ ಅವನೇ ಹೇಳಿದ.